ಕಾಲಾ-ಅಜಾರವನ್ನು ಗೆದ್ದ ಸರ್ ಉಪೇಂದ್ರನಾಥ ಬ್ರಹ್ಮಚಾರಿ

ಪರತಂತ್ರ ಭಾರತದಲ್ಲಿ ವಿಜ್ಞಾನದ ಸಂಶೋಧನೆಯು ಹೊರನಾಡಿನವರಿಗೆ ಮೀಸಲಾದ ಕಾರ್ಯವೆಂಬ ಭಾವನೆ ಬೇರೂರಿದ್ದ ಕಾಲವೊಂದಿತ್ತು. ನಮ್ಮ ನೆಲದ ರೋಗಕ್ಕೆ ನಮ್ಮವರ ಕೈಯಿಂದಲೇ ಮದ್ದು ಸಿದ್ಧವಾಗಬಲ್ಲುದೆಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಸರ್ ಉಪೇಂದ್ರನಾಥ ಬ್ರಹ್ಮಚಾರಿಯವರು ಅಗ್ರಗಣ್ಯರು.

ಇವರು 1873ರಲ್ಲಿ ಜನಿಸಿದರು. ತಂದೆಯವರು ರೈಲ್ವೆಯಲ್ಲಿ ವೈದ್ಯರಾಗಿದ್ದರು. ಉಪೇಂದ್ರನಾಥರು ಹೂಗ್ಲಿಯಲ್ಲಿ ಪದವಿ ಪಡೆದು, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಎಂ.ಎ. ಮುಗಿಸಿ, ಅನಂತರ ವೈದ್ಯಶಾಸ್ತ್ರದಲ್ಲಿ ಪಾರಂಗತರಾದರು. 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್.ಡಿ. ಪದವಿಗಳು ಲಭಿಸಿದವು. ರಸಾಯನಜ್ಞನ ಕೈಯೂ ವೈದ್ಯನ ಕಣ್ಣೂ ಒಬ್ಬರಲ್ಲಿಯೇ ಕೂಡಿದ್ದುದು ಮುಂದಿನ ಸಾಧನೆಗೆ ತಳಹದಿಯಾಯಿತು. 1905ರಿಂದ ಅವರು ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ ಅಧ್ಯಾಪಕರೂ ವೈದ್ಯರೂ ಆದರು.

ಆಗ ಬಂಗಾಳ, ಅಸ್ಸಾಂ, ಬಿಹಾರಗಳ ಹಳ್ಳಿಗಳನ್ನು ಕಾಲಾ-ಅಜಾರ್ ಎಂಬ ಜ್ವರವು ಹಾಳುಗೆಡವುತ್ತಿತ್ತು. ಮರಳುನೊಣದ ಕಡಿತದಿಂದ ಹರಡುವ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣ. ತಿಂಗಳುಗಟ್ಟಲೆ ಜ್ವರ ಕಾಯುವುದು, ಗುಲ್ಮ ಊದುವುದು, ರಕ್ತ ಕುಂದಿ ದೇಹ ಸೊರಗುವುದು ಇದರ ಲಕ್ಷಣ. ಚಿಕಿತ್ಸೆಯಿಲ್ಲದಿದ್ದರೆ ರೋಗಿ ಬದುಕುವುದೇ ವಿರಳ. ಆಂಟಿಮನಿ ಲವಣದ ಚುಚ್ಚುಮದ್ದು ಬಳಕೆಗೆ ಬಂದಿದ್ದರೂ ಅದರ ಚಿಕಿತ್ಸೆ ಬಹು ದೀರ್ಘ, ವಿಷವೂ ಪ್ರಬಲ.

ಹೆಚ್ಚು ನಿರಪಾಯವಾದ ಮದ್ದನ್ನು ಅರಸಿ ಬ್ರಹ್ಮಚಾರಿಯವರು ಕಾರ್ಯೋನ್ಮುಖರಾದರು. ಭಾರತೀಯ ಸಂಶೋಧನ ನಿಧಿ ಸಂಘವು ಧನಸಹಾಯವಿತ್ತಿತು. ಆದರೆ ಅವರಿಗಿದ್ದ ಪ್ರಯೋಗಶಾಲೆ ಒಂದು ಕಿರುಕೋಣೆ ಮಾತ್ರ. ಅಲ್ಲಿ ಅನಿಲದ ಒಲೆಯಿಲ್ಲ, ನೀರಿನ ನಲ್ಲಿಯಿಲ್ಲ. ಇರುಳಿನ ಕೆಲಸಕ್ಕೆ ಸೀಮೆಎಣ್ಣೆಯ ಹಳೆಯ ದೀಪ. ಹಗಲು ರೋಗಿಗಳ ಸೇವೆ, ಪಾಠಪ್ರವಚನ, ರಾತ್ರಿ ಪ್ರಯೋಗ. ಹೀಗೆ ತಿಂಗಳುಗಳು ಕಳೆದ ಮೇಲೆ 1920ರಲ್ಲಿ ಯೂರಿಯಾ ಸ್ಟಿಬಮೀನ್ ಎಂಬ ಔಷಧ ಸಿದ್ಧವಾಯಿತು. 1922ರಲ್ಲಿ ಅದರ ಫಲಿತಾಂಶಗಳು ಪ್ರಕಟವಾದವು. ಅಸ್ಸಾಮಿನಲ್ಲಿ ಈ ಮದ್ದು ವ್ಯಾಪಕವಾಗಿ ಬಳಕೆಗೆ ಬಂದು ಅಸಂಖ್ಯ ಜೀವಗಳು ಉಳಿದವು. ಜ್ವರ ವಾಸಿಯಾದವರ ಚರ್ಮದಲ್ಲಿ ಅದೇ ರೋಗಾಣು ಉಳಿದು ಮಚ್ಚೆಗಳನ್ನು ಮೂಡಿಸುವುದನ್ನು ಗುರುತಿಸಿದವರೂ ಇವರೇ.

ಸಂಶೋಧನೆಯು ಒಬ್ಬನ ಆಯುಷ್ಯದೊಡನೆ ಮುಗಿಯಬಾರದೆಂಬುದನ್ನು ಅವರು ಬಲ್ಲವರಾಗಿದ್ದರು. 1924ರಲ್ಲಿ ತಮ್ಮ ನಿವಾಸದಲ್ಲಿಯೇ ಬ್ರಹ್ಮಚಾರಿ ಸಂಶೋಧನಾಲಯವನ್ನು ಸ್ಥಾಪಿಸಿದರು. 1929ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತಾದರೂ ಆ ಗೌರವ ಕೈಗೂಡಲಿಲ್ಲ. 1934ರಲ್ಲಿ ಸರ್ ಪದವಿ, 1936ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠ ಅವರನ್ನು ಅರಸಿ ಬಂದವು. 1946ರ ಫೆಬ್ರವರಿ 6ರಂದು ಅವರು ದಿವಂಗತರಾದರು.

ಧನಸಹಾಯ ನೀಡಿದ ಆ ಸಂಘವೇ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಾಗಿ ಬೆಳೆಯಿತು. ಬಡ ನಾಡುಗಳ ರೋಗಗಳನ್ನು ಸಿರಿವಂತ ನಾಡುಗಳು ತಾವಾಗಿಯೇ ಬಂದು ನಿವಾರಿಸಲೆಂದು ಕಾದು ಕುಳಿತರೆ ಅಷ್ಟರಲ್ಲಿ ಎಷ್ಟೋ ಮನೆಗಳ ದೀಪ ನಂದಿರುತ್ತದೆ. ರೋಗವಿರುವಲ್ಲಿಯೇ ವಿದ್ಯೆಯೂ ಬೆಳೆಯಬೇಕು. ಗಡಿನಾಡಿನ ನಮ್ಮ ಕನ್ನಡ ಶಾಲೆಗಳ ಬಾಲಕ ಬಾಲಕಿಯರು ಪ್ರಯೋಗಶಾಲೆ ಚಿಕ್ಕದೆಂದು ಎದೆಗುಂದದೆ ಈ ಮಹನೀಯರ ಬಾಳನ್ನು ಮನನ ಮಾಡಲಿ. ಅವರಿಗೆ ಅನುಕೂಲಗಳನ್ನು ಒದಗಿಸುವ ಹೊಣೆಯನ್ನು ಹಿರಿಯರಾದ ನಾವು ಮರೆಯದಿರೋಣ.