ಮರೆಯುವ ಚಿಪ್ ಕೊಟ್ಟ ರಾಸ್ ಫ್ರೀಮನ್

ಕೊಡಗಿನ ಮಳೆಗಾಲ ಅಂದ್ರೆ ಕರೆಂಟ್ ಹೋಗೋದು ಮಾಮೂಲಿ. ಎಲ್ಲೋ ಲೈನ್ ಮೇಲೆ ಮರ ಬಿದ್ದರೆ ಲ್ಯಾಬ್ ಪೂರ್ತಿ ಕತ್ತಲೆ. ಕರೆಂಟ್ ಬಂದಮೇಲೆ ನೋಡಿದ್ರೆ, ಜೆಟ್ಯಾಗ್ ಕೇಬಲ್‌ನಿಂದ ಎಫ್‌ಪಿಜಿಎ ಬೋರ್ಡ್‌ಗೆ ತುಂಬಿದ್ದ ಡಿಸೈನ್ ಮಾಯ! ಇಂಥ ಮರೆವಿನ ಚಿಪ್ ಯಾಕೆ ಮಾಡಿದ್ರೋ ಅಂತ ಬೈಕೊಳ್ಳೋ ಮೊದಲು ಅದನ್ನು ಕಂಡುಹಿಡಿದವರ ಕಥೆ ಕೇಳಿ.

ರಾಸ್ ಫ್ರೀಮನ್ ಹುಟ್ಟಿದ್ದು 1948ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಓದಿದ್ದು ಭೌತಶಾಸ್ತ್ರ. ಪೀಸ್ ಕೋರ್ ಸೇರಿ ಎರಡು ವರ್ಷ ಆಫ್ರಿಕಾದ ಘಾನಾದಲ್ಲಿ ಗಣಿತ ಪಾಠ ಮಾಡಿದರು. ಆಮೇಲೆ ಮೈಕ್ರೊಪ್ರೊಸೆಸರ್ ತಯಾರಿಸುವ ಝೈಲಾಗ್ ಕಂಪನಿಯಲ್ಲಿ ಇಂಜಿನಿಯರ್ ಆದರು.

ಆಗ ದೊಡ್ಡ ಲಾಜಿಕ್ ಬೇಕಾದರೆ ಚಿಪ್ ಕೆಲಸ ಕಾರ್ಖಾನೆಯಲ್ಲೇ ತೀರ್ಮಾನ ಆಗ್ತಿತ್ತು. ಒಂದು ತಪ್ಪಾದರೂ ಮತ್ತೆ ಮಾಡಿಸಬೇಕು, ಮತ್ತೆ ಕಾಯಬೇಕು. ಫ್ರೀಮನ್ ಬೇರೆ ದಾರಿ ಯೋಚಿಸಿದರು. ಖಾಲಿ ಲಾಜಿಕ್ ಬ್ಲಾಕ್‌ಗಳನ್ನು ಸಾಲಾಗಿ ಇಟ್ಟು, ಯಾವುದು ಏನು ಮಾಡಬೇಕು, ಯಾವುದಕ್ಕೆ ಜೋಡಣೆ ಅನ್ನೋದನ್ನು ಮೆಮೊರಿ ಬಿಟ್‌ಗಳಲ್ಲಿ ಬರೆಯೋದು. ಇದಕ್ಕೆ ಟ್ರಾನ್ಸಿಸ್ಟರ್ ಸಿಕ್ಕಾಪಟ್ಟೆ ಬೇಕು. ಆ ಕಾಲಕ್ಕೆ ಅದು ದುಂದುವೆಚ್ಚ. ಆದರೆ ಟ್ರಾನ್ಸಿಸ್ಟರ್ ವರ್ಷದಿಂದ ವರ್ಷಕ್ಕೆ ಅಗ್ಗ ಆಗುತ್ತೆ ಅನ್ನೋದು ಅವರ ಲೆಕ್ಕ.

1984ರಲ್ಲಿ ಬರ್ನಾರ್ಡ್ ವಾಂಡರ್‌ಶ್ಮಿಟ್, ಜೇಮ್ಸ್ ಬಾರ್ನೆಟ್ ಜೊತೆ ಸೇರಿ ಝೈಲಿಂಕ್ಸ್ ಶುರು ಮಾಡಿದರು. ಮರುವರ್ಷ ಎಕ್ಸ್‌ಸಿ2064 ಬಂತು. ಅದರಲ್ಲಿ ಇದ್ದದ್ದು 64 ಬ್ಲಾಕ್, ಸುಮಾರು 85,000 ಟ್ರಾನ್ಸಿಸ್ಟರ್, ಸುಮಾರು 12,000 ಕಾನ್ಫಿಗರೇಶನ್ ಬಿಟ್. ಬಿಟ್‌ಗಳು ಕೂತಿದ್ದು ಸ್ಟ್ಯಾಟಿಕ್ ರ್ಯಾಮ್ ಸೆಲ್‌ಗಳಲ್ಲಿ. ಹಾಗಾಗಿ ಪವರ್ ಹೋದರೆ ಎಲ್ಲಾ ಅಳಿಸಿಹೋಗುತ್ತೆ, ಪ್ರತಿ ಸಲ ಹೊರಗಿನಿಂದ ಮತ್ತೆ ತುಂಬಬೇಕು. ಅದಕ್ಕೇ ನಿನ್ನೆ ತಪ್ಪಾದ ಡಿಸೈನ್ ಅನ್ನು ಇವತ್ತು ಅದೇ ಚಿಪ್‌ನಲ್ಲಿ ಸರಿ ಮಾಡಬಹುದು.

1989ರ ಅಕ್ಟೋಬರ್‌ನಲ್ಲಿ ಫ್ರೀಮನ್ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು ಬರೀ 41. ಅವರ ಲೆಕ್ಕ ಎಷ್ಟು ಸರಿಯಿತ್ತು ಅಂತ ಪೂರ್ತಿ ನೋಡೋಕೆ ಅವರಿರಲಿಲ್ಲ. 2009ರಲ್ಲಿ ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು.

2011ರಲ್ಲಿ ಅವರ ಕಂಪನಿ ಝಿಂಕ್-7000 ಪ್ರಕಟಿಸಿತು: ಎರಡು ಆರ್ಮ್ ಕೋರ್ ಮತ್ತು ಎಫ್‌ಪಿಜಿಎ ಒಂದೇ ಚಿಪ್‌ನಲ್ಲಿ. ಇಲ್ಲಿ ಮೊದಲು ಏಳೋದು ಪ್ರೊಸೆಸರ್. ಬೂಟ್ ರಾಮ್ ಮೋಡ್ ಪಿನ್‌ಗಳನ್ನು ನೋಡಿ, ಎಸ್‌ಡಿ ಕಾರ್ಡ್ ಅಥವಾ ಫ್ಲ್ಯಾಶ್‌ನಿಂದ ಫಸ್ಟ್ ಸ್ಟೇಜ್ ಬೂಟ್‌ಲೋಡರ್ ತರುತ್ತೆ. ಅದು ಬಿಟ್‌ಸ್ಟ್ರೀಮ್ ಅನ್ನು ಲಾಜಿಕ್‌ಗೆ ತುಂಬುತ್ತೆ. ಆಮೇಲೆ ಯು-ಬೂಟ್, ಕೊನೆಗೆ ಲಿನಕ್ಸ್.

ಮುಂದಿನ ಸಲ ಡೆಮೊಗೆ ಮೊದಲು ಬೂಟ್ ಇಮೇಜ್ ಅನ್ನು ಎಸ್‌ಡಿ ಕಾರ್ಡ್‌ಗೆ ಹಾಕಿ, ಮೋಡ್ ಜಂಪರ್ ಬದಲಿಸಿ ಇಡಿ. ಕರೆಂಟ್ ಹೋಗಿ ಬಂದರೂ ಬೋರ್ಡ್ ತಾನೇ ಎದ್ದು ಕೂರುತ್ತೆ.