ಕೊರಿಯಾ ಯುದ್ಧದ ನಡುವೆ ಶಾಂತಿಯ ದನಿ: ಬೆನಗಲ್ ನರಸಿಂಗ ರಾವ್

ಭಾರತದ ಸಂವಿಧಾನದ ಮಾತು ಬಂದಾಗಲೆಲ್ಲ ಬೆನಗಲ್ ನರಸಿಂಗ ರಾವ್ ಅವರ ಹೆಸರು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಆದರೆ ದೂರದ ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಇದೇ ಕರಾವಳಿಯ ಮಗ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ ಅವರು ಪಟ್ಟ ಶ್ರಮವಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು. ಕರ್ನಾಟಕದ ಹೊರಗೆ ಬದುಕು ಕಟ್ಟಿಕೊಂಡ ನಮ್ಮಂಥವರು, ಬದುಕಿನ ಬಹುಭಾಗವನ್ನು ಊರಿನಿಂದ ದೂರವೇ ಕಳೆದ ಈ ಹಿರಿಯರನ್ನು ನೆನೆಯುವುದು ಉಚಿತವೆನಿಸುತ್ತದೆ.

ಮಂಗಳೂರಿನಿಂದ ಕೇಂಬ್ರಿಜ್‌ಗೆ

ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ಹೆಸರಾಂತ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗನಾಗಿ ತೇರ್ಗಡೆಯಾದ. ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ, ಈ ಮೂರು ಬೇರೆ ಬೇರೆ ವಿಷಯಗಳನ್ನು ಒಟ್ಟಿಗೆ ಓದಿ ಪದವಿ ಪಡೆದ. ವಿದ್ಯಾರ್ಥಿವೇತನ ಅವರನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಕರೆದೊಯ್ದಿತು. ಅಲ್ಲಿ 1909ರಲ್ಲಿ ಗಣಿತದ ಟ್ರೈಪಾಸ್ ಮುಗಿಸಿ, ಐ.ಸಿ.ಎಸ್. ಪರೀಕ್ಷೆಯಲ್ಲೂ ಗೆದ್ದು 1910ರಲ್ಲಿ ಸ್ವದೇಶಕ್ಕೆ ಮರಳಿದರು.

ಬೆನಗಲ್ ಮನೆತನದ ಇತರ ಮಕ್ಕಳೂ ಸಾಮಾನ್ಯರಲ್ಲ. ತಮ್ಮ ರಾಮರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ರಾಮರಾವ್ ಅವರ ಪತ್ನಿ ಧನವಂತಿ ರಾಮರಾವ್ ಭಾರತದಲ್ಲಿ ಕುಟುಂಬ ಯೋಜನೆಯ ಆಂದೋಲನ ಕಟ್ಟಿದವರು. ಇನ್ನೊಬ್ಬ ತಮ್ಮ ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು.

ನರಸಿಂಗ ರಾವ್ ಅವರ ನೌಕರಿ ಬಂಗಾಳದಲ್ಲಿ ಆರಂಭವಾಗಿ ಅಸ್ಸಾಮಿನಲ್ಲಿ ಬಹುಕಾಲ ಮುಂದುವರಿಯಿತು. ಕಾನೂನಿನ ಕರಡು ಬರೆಯುವುದರಲ್ಲಿ ಅವರಿಗೆ ಸಮನಾದವರು ವಿರಳ ಎಂಬ ಹೆಸರು ಬಂತು. 1935ರ ಭಾರತ ಸರ್ಕಾರದ ಕಾಯ್ದೆ ಬಂದ ಮೇಲೆ ದೇಶದ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಕೆಲಸ ಅವರ ಪಾಲಿಗೆ ಬಂತು. ಮುಂದೆ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಎದ್ದ ಜಗಳವನ್ನು ವಿಚಾರಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು. ಎರಡೂ ಕಡೆಯವರ ಮಾತನ್ನು ತಾಳ್ಮೆಯಿಂದ ಕೇಳಿ, ಇಬ್ಬರೂ ಒಪ್ಪಬಹುದಾದ ಮಾತುಗಳನ್ನು ಕಾಗದದ ಮೇಲೆ ತರುವ ಈ ಅಭ್ಯಾಸವೇ ಮುಂದೆ ವಿಶ್ವಸಂಸ್ಥೆಯಲ್ಲಿ ಅವರ ಕೈಹಿಡಿಯಿತು.

ಹೆಣ್ಣುಮಕ್ಕಳ ಪಾಲು

1937ರಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದಿತ್ತು. ಅದು ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಟ್ಟರೂ, ಅವಳು ಬದುಕಿರುವವರೆಗೆ ಅನುಭವಿಸಬಹುದಾದ ಸೀಮಿತ ಹಕ್ಕು ಅದು. ಮಗಳಿಗಂತೂ ಏನೂ ಇರಲಿಲ್ಲ. ಈ ಗೊಂದಲಗಳನ್ನು ಪರಿಶೀಲಿಸಲು 1941ರಲ್ಲಿ ಸರ್ಕಾರ ನೇಮಿಸಿದ ಹಿಂದೂ ಕಾನೂನು ಸಮಿತಿಗೆ ನರಸಿಂಗ ರಾವ್ ಅಧ್ಯಕ್ಷರಾದರು. ಚೂರುಪಾರು ತಿದ್ದುಪಡಿ ಸಾಲದು, ಇಡೀ ಸಂಹಿತೆಯೇ ಬೇಕು ಎಂಬ ನಿಲುವಿಗೆ ಸಮಿತಿ ಬಂತು. 1944ರಲ್ಲಿ ಮತ್ತೆ ಅವರ ನೇತೃತ್ವದಲ್ಲೇ ಕೆಲಸ ಮುಂದುವರಿದು, ಮುಂಬಯಿ, ಪುಣೆ, ಮದ್ರಾಸ್, ದೆಹಲಿ, ಕಲ್ಕತ್ತ, ಲಾಹೋರ್ ಮೊದಲಾದ ಊರುಗಳಲ್ಲಿ ಸಾಕ್ಷ್ಯ ಪಡೆಯಲಾಯಿತು. ಸಂಪ್ರದಾಯವಾದಿಗಳ ವಿರೋಧ ಜೋರಾಗಿಯೇ ಇತ್ತು. ಆದರೂ ಮಗಳಿಗೆ ಮಗನ ಪಾಲಿನ ಅರ್ಧ, ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು, ಏಕಪತ್ನಿತ್ವ, ಕೆಲವು ಕಾರಣಗಳಿಗೆ ವಿಚ್ಛೇದನ, ಇವೆಲ್ಲ ಕರಡಿನಲ್ಲಿ ಉಳಿದವು.

ಡಾ. ಅಂಬೇಡ್ಕರ್ ಮುಂದೆ ಹಿಂದೂ ಕೋಡ್ ಬಿಲ್ಲಿಗಾಗಿ ಹೋರಾಡಿದ್ದು ಈ ತಳಪಾಯದ ಮೇಲೆಯೇ. 1955 ಮತ್ತು 56ರಲ್ಲಿ ಅದು ನಾಲ್ಕು ಬೇರೆ ಬೇರೆ ಕಾಯ್ದೆಗಳಾಗಿ ಬಂದಾಗ ನರಸಿಂಗ ರಾವ್ ಬದುಕಿರಲಿಲ್ಲ. ಇಂದು ತವರಿನ ಆಸ್ತಿಯ ಕಾಗದಪತ್ರದಲ್ಲಿ ನಮ್ಮ ಹೆಸರೂ ಇರುತ್ತದೆ ಎಂದರೆ ಅದರ ಹಿಂದೆ ಈ ಮೌನಿ ಅಧಿಕಾರಿಯ ಶ್ರಮವೂ ಇದೆ.

ಸಂಬಳವಿಲ್ಲದ ಸಲಹೆಗಾರ

1946ರಲ್ಲಿ ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡ ರಾವ್ ಆ ಕೆಲಸವನ್ನು ಗೌರವ ಸೇವೆಯಾಗಿ, ಸಂಬಳವಿಲ್ಲದೆ ಮಾಡಿದರು. ಅವರು ಸಭೆಯ ಸದಸ್ಯರಾಗಿರಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡನ್ನು ಇಟ್ಟುಕೊಂಡೇ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಮುಂದುವರಿಯಿತು. ಅಂಬೇಡ್ಕರ್ ತಮ್ಮ ಕೊನೆಯ ಭಾಷಣದಲ್ಲಿ ಈ ಋಣವನ್ನು ತುಂಬು ಮನಸ್ಸಿನಿಂದ ನೆನೆದಿದ್ದಾರೆ. ಇದೇ ಅವಧಿಯಲ್ಲಿ ಬರ್ಮಾ ದೇಶದ ಸಂವಿಧಾನ ರಚನೆಗೂ ರಾವ್ ನೆರವಾದರು.

1950ರ ಆ ಭಾನುವಾರ

1949ರಲ್ಲಿ ನರಸಿಂಗ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯಾದರು. ಆಗಿನ್ನೂ ವಿಶ್ವಸಂಸ್ಥೆಗೆ ಈಗಿನ ಗಗನಚುಂಬಿ ಕಟ್ಟಡವಿರಲಿಲ್ಲ. ನ್ಯೂಯಾರ್ಕ್ ಬಳಿಯ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧಕಾಲದ ಕಾರ್ಖಾನೆಯೊಂದರಲ್ಲಿ ಸಭೆಗಳು ನಡೆಯುತ್ತಿದ್ದವು. 1950ರಲ್ಲಿ ಭಾರತ ಭದ್ರತಾ ಮಂಡಳಿಗೆ ಎರಡು ವರ್ಷದ ಅವಧಿಗೆ ಬಂತು. ಅಧ್ಯಕ್ಷ ಸ್ಥಾನ ತಿಂಗಳಿಗೊಂದು ದೇಶಕ್ಕೆ ಸರದಿಯಂತೆ ಬರುತ್ತದೆ. ಜೂನ್ ತಿಂಗಳ ಸರದಿ ಭಾರತದ್ದು.

ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣ ಕೊರಿಯಾದೊಳಗೆ ನುಗ್ಗಿತು. ಆ ಭಾನುವಾರ ಮಧ್ಯಾಹ್ನವೇ ರಾವ್ ಅವರ ಅಧ್ಯಕ್ಷತೆಯಲ್ಲಿ ಭದ್ರತಾ ಮಂಡಳಿ ಸೇರಿತು. ಚೀನಾದ ಸ್ಥಾನವನ್ನು ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಡಲಿಲ್ಲವೆಂದು ಸೋವಿಯತ್ ಒಕ್ಕೂಟ ಜನವರಿಯಿಂದಲೇ ಮಂಡಳಿಯನ್ನು ಬಹಿಷ್ಕರಿಸಿತ್ತು. ಹಾಗಾಗಿ ವೀಟೊ ಚಲಾಯಿಸುವವರು ಯಾರೂ ಇರಲಿಲ್ಲ. ಯುದ್ಧ ನಿಲ್ಲಿಸಿ ಉತ್ತರ ಕೊರಿಯಾ ಹಿಂದೆ ಸರಿಯಬೇಕು ಎಂಬ ನಿರ್ಣಯ 9 ಮತಗಳಿಂದ ಅಂಗೀಕಾರವಾಯಿತು. ಭಾರತವೂ ಪರವಾಗಿ ಮತ ಹಾಕಿತು.

ನಿಜವಾದ ಪರೀಕ್ಷೆ ಎರಡು ದಿನಗಳ ನಂತರ ಬಂತು. ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ನೀಡಿರೆಂದು ಸದಸ್ಯ ದೇಶಗಳಿಗೆ ಕರೆ ಕೊಡುವ ಅಮೆರಿಕದ ನಿರ್ಣಯ ಜೂನ್ 27ರಂದು ಮಂಡನೆಯಾಯಿತು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಸಭೆ ರಾತ್ರಿಯವರೆಗೂ ಕಾಯಿತು. ಸೂಚನೆ ಬರಲೇ ಇಲ್ಲ. ದೇಶವನ್ನು ಯುದ್ಧಕ್ಕೆ ಸಂಬಂಧಿಸಿದ ನಿರ್ಣಯಕ್ಕೆ ಕಟ್ಟಿಹಾಕುವ ಅಧಿಕಾರ ತಮಗಿಲ್ಲವೆಂದು ತಿಳಿದಿದ್ದ ರಾವ್, ಪೀಠದಲ್ಲಿ ತಾವೇ ಕುಳಿತಿದ್ದರೂ ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟ್ ಪ್ರತಿನಿಧಿಯದೂ ಅದೇ ಸ್ಥಿತಿ. ನಿರ್ಣಯ ಅಗತ್ಯವಿದ್ದ 7 ಮತಗಳನ್ನು ಪಡೆದು ಗೆದ್ದಿತು.

ನೆಹರೂ ಸರ್ಕಾರ ಚರ್ಚಿಸಿ ಜೂನ್ 29ರಂದು ಆ ನಿರ್ಣಯವನ್ನು ಒಪ್ಪಿತು. ಆಕ್ರಮಣ ತಪ್ಪು ಎಂದು ಹೇಳುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಭಾರತ ಕಾದಾಡುವ ಸೈನ್ಯವನ್ನು ಕಳಿಸಲಿಲ್ಲ. ಬದಲಿಗೆ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು ಕಳಿಸಿತು. ಗಾಯಾಳುಗಳ ಶುಶ್ರೂಷೆ ನಮ್ಮದು, ಕೊಲ್ಲುವ ಕೆಲಸ ನಮ್ಮದಲ್ಲ ಎಂಬುದೇ ಆ ನಿರ್ಧಾರದ ತಿರುಳು.

ಯಾರೂ ಕೇಳದ ಎಚ್ಚರಿಕೆ

ಸೆಪ್ಟೆಂಬರ್ ಹೊತ್ತಿಗೆ ಯುದ್ಧದ ಗಾಳಿ ತಿರುಗಿತು. ವಿಶ್ವಸಂಸ್ಥೆಯ ಪಡೆ ಉತ್ತರದವರನ್ನು ಹಿಂದಟ್ಟಿ 38ನೇ ರೇಖೆಯ ಬಳಿ ಬಂತು. ಮುಂದಿನ ಪ್ರಶ್ನೆ, ರೇಖೆ ದಾಟಬೇಕೇ ಬೇಡವೇ? ಅಕ್ಟೋಬರ್ 3ರ ಬೆಳಗಿನ ಜಾವಕ್ಕೆ ಮೊದಲು, ನಡುರಾತ್ರಿಯಲ್ಲಿ, ಬೀಜಿಂಗಿನಲ್ಲಿ ಚೀನಾದ ಪ್ರಧಾನಿ ಚೌ ಎನ್ ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ಅಮೆರಿಕದ ಸೇನೆ ರೇಖೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ಭಾರತ ಈ ಮಾತನ್ನು ವಾಷಿಂಗ್ಟನ್ ಮತ್ತು ಲಂಡನ್ನಿಗೆ ಮುಟ್ಟಿಸಿತು. ವಿಶ್ವಸಂಸ್ಥೆಯಲ್ಲಿ ರಾವ್ ಕೂಡ ರೇಖೆ ದಾಟುವುದರ ಅಪಾಯವನ್ನು ಎತ್ತಿ ಹೇಳಿದರು. ಇದು ಬರೀ ಬೆದರಿಕೆ ಎಂದು ಅಮೆರಿಕ ತಳ್ಳಿಹಾಕಿತು. ಅಕ್ಟೋಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮುನ್ನಡೆಗೆ ದಾರಿ ಮಾಡಿಕೊಟ್ಟಾಗ ಭಾರತ ಅದನ್ನು ಬೆಂಬಲಿಸಲಿಲ್ಲ.

ಆ ತಿಂಗಳಲ್ಲೇ ಚೀನಾದ ಸೈನಿಕರು ಕೊರಿಯಾದೊಳಗೆ ಇಳಿದರು. ನವೆಂಬರ್ ಕೊನೆಯಲ್ಲಿ ಅವರ ದೊಡ್ಡ ದಾಳಿ ನಡೆಯಿತು. ಅಣುಬಾಂಬ್ ಬಳಕೆಯ ಮಾತೂ ಅಮೆರಿಕದ ಅಧ್ಯಕ್ಷ ಟ್ರೂಮನ್ ಅವರ ಪತ್ರಿಕಾಗೋಷ್ಠಿಯಲ್ಲಿ ಕೇಳಿಬಂತು. ಹಿರೋಷಿಮಾ ಆಗಿ ಐದೇ ವರ್ಷ. ಜಗತ್ತು ಉಸಿರು ಬಿಗಿಹಿಡಿದು ಕುಳಿತಿತು.

ಮೂವರ ಸಮಿತಿ

ಈ ಹೊತ್ತಿನಲ್ಲಿ ರಾವ್ ಏಷ್ಯಾ ಮತ್ತು ಅರಬ್ ದೇಶಗಳನ್ನು ಒಟ್ಟುಗೂಡಿಸಿದರು. 13 ದೇಶಗಳ ನಿರ್ಣಯವನ್ನು 1950ರ ಡಿಸೆಂಬರ್ 14ರಂದು ಸಾಮಾನ್ಯ ಸಭೆ ಒಪ್ಪಿತು. ಕದನ ವಿರಾಮದ ದಾರಿ ಹುಡುಕಲು ಮೂವರ ಸಮಿತಿ ರಚನೆಯಾಯಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ಭಾರತದ ನರಸಿಂಗ ರಾವ್. ನ್ಯೂಯಾರ್ಕಿಗೆ ಬಂದಿದ್ದ ಚೀನಾದ ನಿಯೋಗದ ನಾಯಕನೊಂದಿಗೆ ರಾವ್ ಮಾತಾಡಿದರು. ಅಮೆರಿಕ ಆ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿರಲಿಲ್ಲವಾದ್ದರಿಂದ ಇಂಥ ಮಾತುಕತೆಗೆ ಭಾರತದವರೇ ಸೇತುವೆ.

ಚೀನಾ ಸಮಿತಿಯ ಪ್ರಯತ್ನವನ್ನು ತಿರಸ್ಕರಿಸಿತು. ಜನವರಿಯಲ್ಲಿ ಸಮಿತಿ ಐದು ಸೂತ್ರಗಳನ್ನು ಮುಂದಿಟ್ಟಿತು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಆದರೂ ರಾವ್ ಕೈಬಿಡಲಿಲ್ಲ. ಚೀನಾದ ಉತ್ತರಕ್ಕೆ ದೆಹಲಿ ವಿವರಣೆ ಕೇಳಿತು. ಬಂದ ವಿವರಣೆಯನ್ನು ರಾವ್ ಜನವರಿ 22ರಂದು ವಿಶ್ವಸಂಸ್ಥೆಯ ಸಮಿತಿಯ ಮುಂದೆ ಓದಿ, ಅದನ್ನು ಪರಿಶೀಲಿಸಲು 48 ಗಂಟೆಗಳ ಕಾಲಾವಕಾಶ ಬೇಡಿದರು. ಅಮೆರಿಕಕ್ಕೆ ಇಷ್ಟವಿಲ್ಲದಿದ್ದರೂ ಸಭೆ ಒಪ್ಪಿತು. ಕೊನೆಗೂ ಅದು ಸಾಕಾಗಲಿಲ್ಲ. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯ 44 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದ 7 ಮತಗಳಲ್ಲಿ ಸೋವಿಯತ್ ಬಣದ್ದು ಬಿಟ್ಟರೆ ಉಳಿದವು ಎರಡೇ: ಭಾರತ ಮತ್ತು ಬರ್ಮಾ. ಚೀನಾ ಮಾಡಿದ್ದು ಸರಿ ಎಂಬ ಕಾರಣಕ್ಕೆ ಭಾರತ ಹೀಗೆ ಮತ ಹಾಕಲಿಲ್ಲ. ಹಣೆಪಟ್ಟಿ ಹಚ್ಚಿದರೆ ಮಾತುಕತೆಯ ಬಾಗಿಲು ಮುಚ್ಚಿಹೋಗುತ್ತದೆ ಎಂಬುದು ದೆಹಲಿಯ ಆತಂಕವಾಗಿತ್ತು.

ಇದಕ್ಕೆ ಬೆಲೆ ತೆರಬೇಕಾಯಿತು. ಆ ವರ್ಷ ದೇಶದಲ್ಲಿ ಆಹಾರಕ್ಕೆ ತೀವ್ರ ಕೊರತೆ. ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಡಿಸೆಂಬರ್‌ನಲ್ಲಿ 20 ಲಕ್ಷ ಟನ್ ಧಾನ್ಯಕ್ಕೆ ಕೋರಿಕೆ ಸಲ್ಲಿಸಿದ್ದರು. ಭಾರತದ ನಿಲುವಿನಿಂದ ಸಿಟ್ಟಾಗಿದ್ದ ಅಮೆರಿಕದ ಸಂಸತ್ ಸದಸ್ಯರು ಅದನ್ನು ತಿಂಗಳುಗಟ್ಟಲೆ ಎಳೆದಾಡಿದರು. 1951ರ ಜೂನ್‌ನಲ್ಲಷ್ಟೇ ಸಾಲದ ರೂಪದಲ್ಲಿ ನೆರವು ಮಂಜೂರಾಯಿತು. ಹಸಿದ ಹೊಟ್ಟೆಯ ದೇಶವೊಂದು ತನಗೆ ಸರಿ ಕಂಡದ್ದನ್ನು ಹೇಳುವುದು ಎಷ್ಟು ಕಷ್ಟ ಎಂಬುದನ್ನು ಮನೆಯ ಅಕ್ಕಿ ಡಬ್ಬ ನೋಡಿಕೊಂಡು ಸಂಸಾರ ನಡೆಸಿದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊನೆಯ ದಿನಗಳು

1951ರ ಜುಲೈಯಲ್ಲಿ ಕದನ ವಿರಾಮದ ಮಾತುಕತೆ ಕೊನೆಗೂ ಆರಂಭವಾಯಿತು. ಯುದ್ಧ ನಿಂತದ್ದು 1953ರ ಜುಲೈ 27ರಂದು, ಬಹುಮಟ್ಟಿಗೆ ಅದು ಶುರುವಾದ ರೇಖೆಯ ಆಸುಪಾಸಿನಲ್ಲೇ. ನಡುವಿನ ಎರಡು ವರ್ಷಗಳಲ್ಲಿ ಸತ್ತವರು ಲೆಕ್ಕವಿಲ್ಲದಷ್ಟು. ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿಯೇನು ಎಂಬ ಪ್ರಶ್ನೆ ಬಗೆಹರಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚಿಸಿದಾಗ, ಅದರ ಅಧ್ಯಕ್ಷತೆಯನ್ನು ಎರಡೂ ಕಡೆಯವರು ಒಪ್ಪಿದ್ದು ಭಾರತಕ್ಕೆ. ಆ ಹೊಣೆ ಹೊತ್ತವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಯಾರ ಮಾತನ್ನು ಹಿಂದೆ ಕಡೆಗಣಿಸಿದ್ದರೋ ಅವರ ಕೈಗೇ ಕೊನೆಯ ಕೆಲಸ ಬಂತು.

ಅಷ್ಟರಲ್ಲಿ ನರಸಿಂಗ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. 1952ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಂಡ ಅವರಿಗೆ ಎರಡು ವರ್ಷ ತುಂಬುವಷ್ಟೂ ಆಯುಷ್ಯ ಉಳಿದಿರಲಿಲ್ಲ. 1953ರ ನವೆಂಬರ್ 30ರಂದು, ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ವಯಸ್ಸು 66. ಆಗ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷ ಪೀಠದಲ್ಲಿ ವಿಜಯಲಕ್ಷ್ಮಿ ಪಂಡಿತ್ ಕುಳಿತಿದ್ದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಸಂವಿಧಾನದ ಕುರಿತ ರಾವ್ ಅವರ ಬರಹಗಳನ್ನು ತಮ್ಮ ಶಿವರಾವ್ 1960ರಲ್ಲಿ ಪುಸ್ತಕವಾಗಿ ಹೊರತಂದರು. 1988ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಬಿಡುಗಡೆ ಮಾಡಿತು.

ನರಸಿಂಗ ರಾವ್ ಅವರ ಶಾಂತಿ ಪ್ರಯತ್ನ ಆ ಚಳಿಗಾಲದಲ್ಲಿ ಫಲಿಸಲಿಲ್ಲ ಎಂಬುದು ನಿಜ. ಆದರೆ ಎರಡು ಬಣಗಳೂ ಕಿವಿ ಮುಚ್ಚಿಕೊಂಡಿದ್ದಾಗ ಇಬ್ಬರೊಡನೆಯೂ ಮಾತಾಡಬಲ್ಲವರು ಒಬ್ಬರಾದರೂ ಇರಬೇಕು ಎಂಬ ಪಾಠವನ್ನು ಅವರು ಬಿಟ್ಟುಹೋದರು. ಇಂದಿಗೂ ಎಲ್ಲಿಯಾದರೂ ಯುದ್ಧ ಹೊತ್ತಿಕೊಂಡಾಗ ಭಾರತ ಯಾರ ಪರ ಎಂಬ ಪ್ರಶ್ನೆ ಟಿ.ವಿ.ಯಲ್ಲಿ ಏಳುತ್ತದೆ, ಮನೆಯಲ್ಲಿ ಮಕ್ಕಳೂ ಕೇಳುತ್ತಾರೆ. ಆಗ ಅವರಿಗೆ ಮಂಗಳೂರಿನಲ್ಲಿ ಓದಿ ಬೆಳೆದ ಈ ಹಿರಿಯರ ಕಥೆಯನ್ನು ಹೇಳೋಣ. ತಪ್ಪನ್ನು ತಪ್ಪೆಂದು ಹೇಳಿಯೂ ಮಾತಿನ ಬಾಗಿಲನ್ನು ತೆರೆದಿಡಬಹುದು ಎಂಬುದು ಅವರಿಗೂ ತಿಳಿಯಲಿ.