ವಿಮಾನ ಹಾರಿಸಲು ಹೋಗಿ ಅದೃಷ್ಟ ಕಳೆದುಕೊಂಡರೇ ಗ್ಯಾರಿ ಕಿಲ್ಡಾಲ್? ಪೆನ್‌ಡ್ರೈವ್ ಬೂಟ್ ಹಿಂದಿನ ಮನುಷ್ಯನ ನಿಜ ಕಥೆ

ಎರಡು ಬಗೆಯ ಫಾರ್ವರ್ಡ್‌ಗಳು ಆಗಾಗ ನಿಮ್ಮ ಫೋನಿಗೂ ಬಂದಿರಬಹುದು. ಒಂದು: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಹಳೆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ, ಪೆನ್‌ಡ್ರೈವ್‌ನಿಂದ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ. ಇನ್ನೊಂದು ನೀತಿಕಥೆ: ಐಬಿಎಂ ಕಂಪನಿಯವರು ಮನೆ ಬಾಗಿಲಿಗೆ ಬಂದಾಗ ಒಬ್ಬ ಮಹಾಶಯ ವಿಮಾನ ಹಾರಿಸುತ್ತಾ ಮಜಾ ಮಾಡುತ್ತಿದ್ದ, ಹಾಗಾಗಿ ಬಿಲ್ ಗೇಟ್ಸ್ ಶ್ರೀಮಂತರಾದರು. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಬಹುಮಟ್ಟಿಗೆ ಸುಳ್ಳು. ತಮಾಷೆಯೆಂದರೆ, ಎರಡರ ಹಿಂದೆಯೂ ಇರುವುದು ಒಬ್ಬನೇ ಮನುಷ್ಯ.

ಗೋಕಾಕ ತಾಲೂಕಿನ ಮಮದಾಪುರದಲ್ಲಿ ಕುಳಿತು ಯಾರೋ ಒಬ್ಬರು ಹಳೆ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಹಾಕುತ್ತಾರೆ ಎಂದುಕೊಳ್ಳಿ. ಆ ಲಿನಕ್ಸ್ ಬರೆದವರು ಆ ಲ್ಯಾಪ್‌ಟಾಪನ್ನು ಕಂಡೇ ಇಲ್ಲ. ಲ್ಯಾಪ್‌ಟಾಪ್ ಮಾಡಿದ ಕಂಪನಿ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೀಬೋರ್ಡ್, ಪರದೆ ಎಲ್ಲ ಕೆಲಸ ಮಾಡತೊಡಗುತ್ತವೆ. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಗ್ಯಾರಿ ಕಿಲ್ಡಾಲ್ ಅವರ ಬದುಕನ್ನು ನೋಡಬೇಕು.

ಅವರು ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆಯವರು ಹಡಗು ನಡೆಸುವವರಿಗೆ ದಿಕ್ಕು ಲೆಕ್ಕ ಕಲಿಸುವ ಶಾಲೆ ನಡೆಸುತ್ತಿದ್ದರು. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಹುಡುಗ ಕಂಪ್ಯೂಟರ್ ಕಡೆ ವಾಲಿದರು, 1972ರಲ್ಲಿ ಡಾಕ್ಟರೇಟ್ ಪಡೆದರು. ಮೇಷ್ಟ್ರಂತೂ ಆದರು, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ. ಜೊತೆಗೆ ಇಂಟೆಲ್ ಕಂಪನಿಗೆ ಸಲಹೆಗಾರರಾಗಿ ದುಡಿದು, ಅದರ ಪುಟ್ಟ ಚಿಪ್‌ಗಳಿಗಾಗಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು.

ಆಗ ಇಂಥ ಚಿಕ್ಕ ಯಂತ್ರಗಳಿಗೆ ಪ್ರೋಗ್ರಾಂ ಉಣಿಸಲು ತೂತು ಕೊರೆದ ಕಾಗದದ ಪಟ್ಟಿ ಬಳಸುತ್ತಿದ್ದರು. ಬಲು ನಿಧಾನ. ಕಿಲ್ಡಾಲ್ ಕೈಗೆ ಶುಗಾರ್ಟ್ ಕಂಪನಿಯ 8 ಇಂಚಿನ ಫ್ಲಾಪಿ ಡ್ರೈವ್ ಒಂದು ಸಿಕ್ಕಿತು. ಅದರ ಡಿಸ್ಕ್ ಹಿಡಿಸುತ್ತಿದ್ದದ್ದು ಸುಮಾರು 250 ಕಿಲೋಬೈಟ್, ಅಂದರೆ ಈಗಿನ ಒಂದೆರಡು ಶುಭೋದಯದ ಚಿತ್ರ ಹಾಕಿದರೆ ತುಂಬಿಹೋಗುವಷ್ಟು! ಆದರೆ ಡ್ರೈವನ್ನು ಯಂತ್ರಕ್ಕೆ ಜೋಡಿಸುವ ಸರ್ಕ್ಯೂಟ್ ಮಾಡಲು ಅವರಿಗೆ ಬರಲಿಲ್ಲ. ಡ್ರೈವ್ ಸುಮ್ಮನೆ ಬಿದ್ದಿತ್ತು. ಕೊನೆಗೆ ಹಳೆಯ ಗೆಳೆಯ ಜಾನ್ ಟೊರೋಡ್ ಸರ್ಕ್ಯೂಟ್ ಮಾಡಿಕೊಟ್ಟರು. 1974ರಲ್ಲಿ ಒಂದು ದಿನ ಕಾಗದದ ಪಟ್ಟಿಯಲ್ಲಿದ್ದ ಪ್ರೋಗ್ರಾಮನ್ನು ಫ್ಲಾಪಿಗೆ ಬರೆದು, ಆ ಫ್ಲಾಪಿಯಿಂದಲೇ ಯಂತ್ರವನ್ನು ಶುರು ಮಾಡಿದರು. ಅದು ಎದ್ದು ಕೂತು ಆಜ್ಞೆಗಾಗಿ ಕಾಯತೊಡಗಿತು. ಆ ಪ್ರೋಗ್ರಾಂ ಹೆಸರು ಸಿಪಿ/ಎಂ (ರಾಜಕೀಯ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ).

ಇಲ್ಲೊಂದು ಅನುಮಾನ ಬರಬೇಕು. ಆಪರೇಟಿಂಗ್ ಸಿಸ್ಟಂ ಇರುವುದೇ ಫ್ಲಾಪಿಯಲ್ಲಾದರೆ, ಫ್ಲಾಪಿಯನ್ನು ಓದು ಎಂದು ಯಂತ್ರಕ್ಕೆ ಹೇಳುವವರು ಯಾರು? ಯಂತ್ರದೊಳಗೆ ಅಳಿಯದಂತೆ ಕೂತ ಒಂದು ತುಣುಕು ಪ್ರೋಗ್ರಾಂ ಡಿಸ್ಕಿನ ಗೊತ್ತಾದ ಜಾಗದಿಂದ ಸ್ವಲ್ಪ ಓದುತ್ತದೆ, ಓದಿದ್ದು ಉಳಿದದ್ದನ್ನು ಎಳೆದು ತರುತ್ತದೆ. ಇದೇ ಬೂಟ್. ಸಿಪಿ/ಎಂನ 8 ಇಂಚಿನ ಡಿಸ್ಕಿನಲ್ಲಿ ಮೊದಲ ಎರಡು ಸುತ್ತುಗಳನ್ನು ಇದಕ್ಕೆಂದೇ ಮೀಸಲಿಟ್ಟಿದ್ದರು. ಡೌನ್‌ಲೋಡ್ ಮಾಡಿದ ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಹಾಗೇ ಪೇಸ್ಟ್ ಮಾಡಿದರೆ ಬೂಟ್ ಆಗದಿರುವುದೂ ಇದಕ್ಕೇ. ಯಂತ್ರ ಹುಡುಕುವ ರೀತಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು, ರೂಫಸ್‌ನಂಥ ಉಪಕರಣ ಮಾಡುವ ಕೆಲಸ ಅದು. ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಪೂರ್ತಿ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ಲ್ಯಾಪ್‌ಟಾಪ್‌ನಲ್ಲಿದ್ದ ಮದುವೆ ಫೋಟೋಗಳೂ ಹೋದವು. ಫಾರ್ವರ್ಡ್‌ನಲ್ಲಿ ಈ ಮಾತು ಇರುವುದಿಲ್ಲ, ಆದ್ದರಿಂದ ಮೊದಲು ಬ್ಯಾಕಪ್ ತೆಗೆದಿಟ್ಟುಕೊಳ್ಳಿ.

ಕಿಲ್ಡಾಲ್ ಮತ್ತು ಪತ್ನಿ ಡೊರೊಥಿ ಪೆಸಿಫಿಕ್ ಗ್ರೋವ್ ಎಂಬ ಪುಟ್ಟ ಊರಿನಲ್ಲಿ ಡಿಜಿಟಲ್ ರಿಸರ್ಚ್ ಕಂಪನಿ ಶುರುಮಾಡಿದರು. ಆಗ ಒಂದು ತಲೆನೋವು ಎದುರಾಯಿತು. ಪ್ರತಿ ಕಂಪನಿಯ ಯಂತ್ರವೂ ಬೇರೆ, ಪ್ರತಿಯೊಂದಕ್ಕೂ ಸಿಪಿ/ಎಂ ತಿದ್ದಬೇಕು. ಇಮ್‌ಸಾಯ್ ಎಂಬ ಕಂಪನಿಯವರು ತಮ್ಮ ಯಂತ್ರಕ್ಕೂ ಬೇಕೆಂದಾಗ ಕಿಲ್ಡಾಲ್ ಪ್ರೋಗ್ರಾಮನ್ನೇ ಸೀಳಿದರು. ಯಂತ್ರದ ಜೊತೆ ನೇರವಾಗಿ ಮಾತಾಡುವ ಭಾಗವನ್ನೆಲ್ಲ ಒಂದು ಚಿಕ್ಕ ತುಂಡಿಗೆ ಸೇರಿಸಿ ಬಯಾಸ್ ಎಂದು ಕರೆದರು. ಉಳಿದ ದೊಡ್ಡ ಭಾಗ ಎಲ್ಲ ಯಂತ್ರಕ್ಕೂ ಒಂದೇ. ಹೊಸ ಯಂತ್ರ ಬಂತೇ? ಬಯಾಸ್ ಮಾತ್ರ ಹೊಸದಾಗಿ ಬರೆದರಾಯಿತು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಇದೇ, ಫ್ಲಾಪಿಯದಲ್ಲ.

ಇದರಿಂದ ಸಿಪಿ/ಎಂ ಎಲ್ಲೆಲ್ಲಿಗೆ ಹೋಯಿತೆಂದರೆ, ಆಪಲ್ 2 ಕಂಪ್ಯೂಟರಿನ ಚಿಪ್ ಬೇರೆ ಜಾತಿಯದು, ಅದರಲ್ಲಿ ಸಿಪಿ/ಎಂ ಓಡುವಂತೆಯೇ ಇರಲಿಲ್ಲ. 1980ರಲ್ಲಿ ಒಂದು ಕಂಪನಿ ಇನ್ನೊಂದು ಚಿಪ್ ಇರುವ ಕಾರ್ಡ್ ಮಾಡಿ ಮಾರಿತು. ಆಪಲ್‌ನೊಳಗೆ ಅದನ್ನು ಸಿಕ್ಕಿಸಿ, ಫ್ಲಾಪಿ ಹಾಕಿ ಬೂಟ್ ಮಾಡಿದರೆ ಸಿಪಿ/ಎಂ ತಯಾರು. ಆ ಕಂಪನಿ ಯಾವುದು ಗೊತ್ತೇ? ಮೈಕ್ರೋಸಾಫ್ಟ್!

ಅದೇ ವರ್ಷ ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದರು. ಕಿಲ್ಡಾಲ್ ಆ ಬೆಳಿಗ್ಗೆ ವಿಮಾನದಲ್ಲಿ ಹೋಗಿದ್ದು ನಿಜ. ಆದರೆ ಮಜಾಕ್ಕಲ್ಲ, ಬಿಲ್ ಗಾಡ್‌ಬೌಟ್ ಎಂಬ ಗ್ರಾಹಕರ ಬಳಿ ಕಂಪನಿಯ ಕೆಲಸಕ್ಕೆ. ಕರಾರು ವ್ಯವಹಾರ ಯಾವಾಗಲೂ ನೋಡುತ್ತಿದ್ದದ್ದು ಡೊರೊಥಿ. ಗುಟ್ಟು ಕಾಯುವ ಕರಾರಿಗೆ ಮೊದಲು ಸಹಿ ಹಾಕಿ ಎಂದು ಐಬಿಎಂ ಒತ್ತಾಯಿಸಿತು, ಅದರ ಷರತ್ತು ನೋಡಿ ಅವರು ಹಿಂಜರಿದರು. ಮಧ್ಯಾಹ್ನ ತಾನು ಬಂದು ಮಾತುಕತೆಗೆ ಸೇರಿದೆ ಎಂದು ಕಿಲ್ಡಾಲ್ ಹೇಳುತ್ತಿದ್ದರು, ಐಬಿಎಂ ಕಡೆಯವರಿಗೆ ಆ ನೆನಪಿರಲಿಲ್ಲ. ಹಣದ ವಿಷಯದಲ್ಲೂ ಹೊಂದಾಣಿಕೆ ಆಗಲಿಲ್ಲ. ಒಟ್ಟಿನಲ್ಲಿ ವ್ಯವಹಾರ ಕುದುರಲಿಲ್ಲ, ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಮೈಕ್ರೋಸಾಫ್ಟ್ ಬಳಿಯೂ ಸಿಸ್ಟಂ ಇರಲಿಲ್ಲ. ಸಿಯಾಟಲ್‌ನ ಟಿಮ್ ಪ್ಯಾಟರ್ಸನ್ ಸಿಪಿ/ಎಂ ಮಾದರಿಯಲ್ಲಿ ಬರೆದಿದ್ದ ಒಂದು ಸಿಸ್ಟಮನ್ನು ಅವರ ಕಂಪನಿಯಿಂದ ಕೊಂಡು ಡಾಸ್ ಮಾಡಿತು.

ಕಿಲ್ಡಾಲ್ ಕೋರ್ಟಿಗೆ ಹೋಗುವ ಮಾತಾಡಿದಾಗ, ಅವರ ಸಿಸ್ಟಮನ್ನೂ ಮಾರುವುದಾಗಿ ಐಬಿಎಂ ಒಪ್ಪಿತು. ಬೆಲೆ ನೋಡಿ: ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240. ಯಾರು ಕೊಳ್ಳುತ್ತಾರೆ? ಸೋಲು ನಿಜವಾಗಿ ನಡೆದದ್ದು ಈ ಬೆಲೆಚೀಟಿಯಲ್ಲಿ.

ಇನ್ನು 1982ರಲ್ಲಿ ಕಾಂಪ್ಯಾಕ್ ಕಂಪನಿ ಐಬಿಎಂನ ಬಯಾಸನ್ನು ನಕಲು ಮಾಡದೆ, ಅದರಂತೆಯೇ ನಡೆಯುವ ಬೇರೆ ಬಯಾಸ್ ಬರೆಯಿತು. ಐಬಿಎಂಗಾಗಿ ಮಾಡಿದ ತಂತ್ರಾಂಶ ಐಬಿಎಂ ಅಲ್ಲದ ಯಂತ್ರದಲ್ಲಿ ಓಡತೊಡಗಿತು. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳು ಆ ವಂಶದವೇ. ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ, ಹಳೆ ಹೆಸರು ಮಾತ್ರ ಬಾಯಲ್ಲಿ ಉಳಿದಿದೆ.

ಕಿಲ್ಡಾಲ್ ಮೂಲೆಗೆ ಕೂರಲಿಲ್ಲ. ಸಿಡಿಯಲ್ಲಿ ವಿಶ್ವಕೋಶ ತರುವ ಕೆಲಸ ಮಾಡಿದರು, ಟಿವಿಯಲ್ಲಿ ಕಂಪ್ಯೂಟರ್ ಕಾರ್ಯಕ್ರಮ ನಡೆಸಿಕೊಟ್ಟರು. 1991ರಲ್ಲಿ ಅವರ ಕಂಪನಿಯನ್ನು ನೊವೆಲ್ ಕೊಂಡಿತು. ಬಡವರಾಗಿ ಸತ್ತರು ಎಂಬ ಫಾರ್ವರ್ಡ್ ಕೂಡ ಸುಳ್ಳು. ಆದರೆ ವಿಮಾನದ ಕಥೆ ಅವರನ್ನು ಕೊನೆಯವರೆಗೂ ಕಾಡಿತು, ಕುಡಿತವೂ ಹೆಚ್ಚಿತು. ಮಾಂಟೆರೆಯ ಬಾರೊಂದರಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ಬಳಿಕ 1994ರ ಜುಲೈ 11ರಂದು ತೀರಿಕೊಂಡರು. ವಯಸ್ಸು 52.

ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂನಲ್ಲಿ, ಅವರ ಹಳೆಯ ಕಚೇರಿಯ ಮುಂದೆ, 2014ರ ಏಪ್ರಿಲ್‌ನಲ್ಲಿ ಎಂಜಿನಿಯರುಗಳ ಸಂಸ್ಥೆ ಐಇಇಇ ಸಿಪಿ/ಎಂ ನೆನಪಿಗೆ ಒಂದು ಕಂಚಿನ ಫಲಕ ಹಾಕಿತು.